ಮ್ಯಾಕ್ರೋಗೆ ಬೆಲೆ ತುಂಬುವ ಮುನ್ನ

ತಮ್ಮಾ, ಇಲ್ಲಿ ಇಂಗ್ಲೆಂಡಿನ ಸ್ಮೆದಿಕ್‌ನ ಫಿಟ್ಟಿಂಗ್ ಕಾರ್ಖಾನೆಯೊಂದರಲ್ಲಿ ಸೆಟ್ಟರ್ ಆಗಿ ಸೇರಿಕೊಂಡೆಯೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದರು. ಬಹಳ ಸಂತೋಷವಾಯಿತು. ಜಿಟಿಟಿಸಿಯಲ್ಲಿ ಕಲಿತು, ಪೀಣ್ಯದಲ್ಲಿ ಲೇತ್ ಓಡಿಸಿ ಬಂದವನಿಗೆ ಚಕ್ ಹೇಗೆ ಕಟ್ಟಬೇಕು, ಟೂಲ್ ಆಫ್‌ಸೆಟ್ ಹೇಗೆ ತೆಗೆಯಬೇಕು ಎಂದು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಎಲ್ಲ ಸೈಜಿನ ಪೈಪ್ ಥ್ರೆಡ್‌ಗೂ ಸೇರಿಸಿ ಒಂದೇ ಮ್ಯಾಕ್ರೋ ಬರೆಯಬೇಕೆಂದು ಫೋರ್‌ಮನ್ ಹೇಳಿದ್ದಾನಂತೆ. ಆ ಕೆಲಸಕ್ಕೆ ಕೂರುವ ಮೊದಲು ನನ್ನ ಮಾತು ಸ್ವಲ್ಪ ಕೇಳಿಸಿಕೋ.

ಮ್ಯಾಕ್ರೋ ಅಂದರೆ ಹುಡುಗರು ಮೊದಲು ಹೆದರುವುದು ಲೆಕ್ಕಕ್ಕೆ. ಸೈನ್, ಕಾಸ್, ವೈಲ್ ಲೂಪ್, ಚೌಕ ಬ್ರಾಕೆಟ್‌ಗಳ ಸಾಲು. ಅದು ದೊಡ್ಡ ಸಂಗತಿಯಲ್ಲ. ಲೆಕ್ಕ ತಪ್ಪಿದರೆ ಮೊದಲ ಪೀಸಿನಲ್ಲೇ ಗೇಜ್ ಹೇಳಿಬಿಡುತ್ತದೆ. ಇಲ್ಲಿನ ಕಾರ್ಖಾನೆಗಳಲ್ಲಿ ನಾನು ಕಂಡ ದೊಡ್ಡ ಪೆಟ್ಟುಗಳು ಬಿದ್ದದ್ದು ಬೇರೆ ಕಡೆಯಿಂದ. ವೇರಿಯಬಲ್‌ಗೆ ಕೊಡಬೇಕಾದ ಬೆಲೆಯನ್ನು ಯಾರೋ ಕೊಡದೆ ಬಿಟ್ಟಿರುತ್ತಾರೆ. ಇಲ್ಲವೇ ನಿನ್ನೆಯ ಜಾಬಿನ ಬೆಲೆ ಇವತ್ತೂ ಅಲ್ಲೇ ಕೂತಿರುತ್ತದೆ. ಮ್ಯಾಕ್ರೋ ಒಂದು ಮಾತೂ ಕೇಳದೆ ಓಡುತ್ತದೆ. ಬೆಲೆ ಬಾರದಿದ್ದರೆ ಅಲ್ಲೇ ನಿಂತು ಕೇಳುವ ಮ್ಯಾಕ್ರೋ ಬರೆಯಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ನಿನ್ನ ಲೇತ್‌ಗಳಲ್ಲಿ ಫಾನುಕ್ ಕಂಟ್ರೋಲ್ ಇದೆಯಂತೆ, ಆದ್ದರಿಂದ ಅದರ ಮಾತನ್ನೇ ಆಡುತ್ತೇನೆ. ಜಿ65 ಬರೆದು, ಪಿ ಮುಂದೆ ಮ್ಯಾಕ್ರೋ ನಂಬರ್ ಕೊಟ್ಟು, ಆಮೇಲೆ ಅಕ್ಷರಗಳ ಜೊತೆ ಬೆಲೆ ಕೊಡುತ್ತೀಯ. ಒಂದೊಂದು ಅಕ್ಷರದ ಬೆಲೆಯೂ ಒಳಗೆ ಒಂದೊಂದು ನಂಬರಿನ ವೇರಿಯಬಲ್‌ಗೆ ಹೋಗಿ ಕೂರುತ್ತದೆ. ಎ ಎಂದರೆ #1, ಬಿ ಎಂದರೆ #2, ಸಿ ಎಂದರೆ #3. ಇಲ್ಲಿಯವರೆಗೆ ನೋಡಿದವರು ಡಿ ಎಂದರೆ #4 ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ. #4, #5, #6 ಹೋಗುವುದು ಐ, ಜೆ, ಕೆ ಅಕ್ಷರಗಳಿಗೆ. ಹಾಗಾಗಿ ಡಿ ಮೂರು ಹೆಜ್ಜೆ ಹಿಂದೆ ಸರಿದು #7, ಇ #8, ಎಫ್ #9, ಎಚ್ #11 ಆಗುತ್ತವೆ. ಎಮ್‌ನಿಂದ ಆಚೆಗೆ ಎಲ್ಲವೂ ಇಂಗ್ಲಿಷ್ ವರ್ಣಮಾಲೆಯ ಕ್ರಮಕ್ಕೇ ಮರಳುತ್ತವೆ. ಎಮ್ ಹದಿಮೂರನೆಯ ಅಕ್ಷರ, ಅದು #13. ಕ್ಯೂ #17, ಆರ್ #18, ಎಕ್ಸ್ #24, ಜೆಡ್ #26. ಜಿ, ಎಲ್, ಎನ್, ಓ, ಪಿ ಈ ಐದನ್ನು ಬೆಲೆ ಕೊಡಲು ಬಳಸುವಂತಿಲ್ಲ, ಅವಕ್ಕೆ ಬೇರೆ ಕೆಲಸವಿದೆ. ಆದ್ದರಿಂದಲೇ #10, #12, #14, #15, #16 ಅಕ್ಷರವಿಲ್ಲದೆ ಉಳಿದಿವೆ. ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಈ ಕ್ರಮ ತಿಳಿದುಕೋ. ಯಂತ್ರದ ಮುಂದೆ ಪುಸ್ತಕ ಇಲ್ಲದಿದ್ದರೂ ನೆನಪಿಗೆ ಬರುತ್ತದೆ.

ಐ, ಜೆ, ಕೆ ಬಗ್ಗೆ ಇನ್ನೊಂದು ಮಾತು. ಒಂದೇ ಸಾಲಿನಲ್ಲಿ ಐ ಎರಡು ಸಲ ಬಂದರೆ ಕಂಟ್ರೋಲ್ ಅದನ್ನು ತಪ್ಪೆನ್ನುವುದಿಲ್ಲ. ಎರಡನೆಯ ಐ ಹೋಗಿ #7ರಲ್ಲಿ ಕೂರುತ್ತದೆ, ಅದು ಡಿಯ ಜಾಗ. ಹತ್ತು ಜೊತೆ ಐ, ಜೆ, ಕೆ ಕೊಡುವ ಎರಡನೆಯ ಪದ್ಧತಿಯೊಂದು ಫಾನುಕ್‌ನಲ್ಲಿದೆ, ಅದರಿಂದ ಹೀಗೆ. ನಿನಗೆ ಅದರ ಅಗತ್ಯವಿಲ್ಲ. ಥ್ರೆಡ್ ಮ್ಯಾಕ್ರೋದಲ್ಲಿ ಐ, ಜೆ, ಕೆ ಮೂರನ್ನೂ ಮುಟ್ಟಬೇಡ. ಒಳಗಿನ ಲೆಕ್ಕಕ್ಕೆ ವೇರಿಯಬಲ್ ಬೇಕಾದಾಗ #27ರಿಂದ #33ರವರೆಗಿನವನ್ನು ತೆಗೆದುಕೋ. ಅವಕ್ಕೆ ಯಾವ ಒಂಟಿ ಅಕ್ಷರವೂ ಬೆಲೆ ತಂದು ಹಾಕುವುದಿಲ್ಲ.

ಈಗ ಖಾಲಿಯ ವಿಷಯ. ಇದನ್ನು ನಿಧಾನವಾಗಿ ಓದು.

ಫಾನುಕ್‌ನಲ್ಲಿ ಕೊಡದೆ ಬಿಟ್ಟ ಬೆಲೆ ಸೊನ್ನೆಯಲ್ಲ, ಖಾಲಿ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿ ಇನ್ನೂ ಬಡಿಸದೆ ಇರುವುದು ಒಂದು, ಎಲೆಯನ್ನೇ ಹಾಕದೆ ಇರುವುದು ಇನ್ನೊಂದು. ಸೊನ್ನೆ ಮೊದಲನೆಯದು, ಖಾಲಿ ಎರಡನೆಯದು. ಕಂಟ್ರೋಲ್ ಈ ವ್ಯತ್ಯಾಸವನ್ನು ಕೆಲವು ಕಡೆ ಕಾಪಾಡುತ್ತದೆ, ಕೆಲವು ಕಡೆ ಮರೆಯುತ್ತದೆ. ಅಪಾಯ ಇರುವುದು ಆ ಮರೆವಿನಲ್ಲಿ.

ಮ್ಯಾಕ್ರೋ ಒಳಗೆ ಜಿ01 ಜೆಡ್#26 ಎಂದು ಬರೆದಿದ್ದೀಯ, ಆದರೆ ಕರೆಯುವಾಗ ಜೆಡ್ ಬೆಲೆ ಕೊಟ್ಟಿಲ್ಲ ಅಂದುಕೋ. ಕಂಟ್ರೋಲ್ ಆ ಜೆಡ್ ಅಕ್ಷರವನ್ನೇ ಇಲ್ಲವೆಂದು ತಿಳಿದು ಮುಂದಿನ ಸಾಲಿಗೆ ಹೋಗುತ್ತದೆ. ಟೂಲ್ ಜೆಡ್ ದಿಕ್ಕಿನಲ್ಲಿ ಅಲುಗುವುದೇ ಇಲ್ಲ, ಅಲಾರಂ ಬರುವುದಿಲ್ಲ. ಅದೇ ಖಾಲಿ ವೇರಿಯಬಲ್ ಲೆಕ್ಕದೊಳಗೆ ಬಂದರೆ ಸೊನ್ನೆಯಾಗುತ್ತದೆ. #2=#1 ಎಂದು ಸುಮ್ಮನೆ ನಕಲು ಮಾಡಿದರೆ #2 ಕೂಡ ಖಾಲಿಯಾಗಿಯೇ ಉಳಿಯುತ್ತದೆ, #2=#1*5 ಎಂದು ಗುಣಿಸಿದರೆ #2 ಸೊನ್ನೆ. ಹೋಲಿಕೆಯಲ್ಲೂ ಹೀಗೇ. ಸಮವೇ, ಸಮವಲ್ಲವೇ ಎಂದು ಇಕ್ಯೂ, ಎನ್‌ಇ ಹಾಕಿ ಕೇಳಿದರೆ ಖಾಲಿ ಬೇರೆ, ಸೊನ್ನೆ ಬೇರೆ. ದೊಡ್ಡದೇ, ಚಿಕ್ಕದೇ ಎಂದು ಜಿಟಿ, ಎಲ್‌ಟಿ ಹಾಕಿ ಕೇಳಿದರೆ ಖಾಲಿಯೂ ಸೊನ್ನೆಯ ಲೆಕ್ಕಕ್ಕೇ ಸೇರುತ್ತದೆ.

ಇದು ನಿನ್ನ ಕೆಲಸದಲ್ಲಿ ಹೇಗೆ ಬರುತ್ತದೆ ನೋಡು. ಅರ್ಧ ಇಂಚಿನ ಬಿಎಸ್‌ಪಿ ಥ್ರೆಡ್ ತೆಗೆದುಕೊಳ್ಳೋಣ. ಊರಿನಲ್ಲಿ ನಮ್ಮ ಮನೆಗಳ ನಲ್ಲಿಗಳಿಗೆ ಇರುವುದೂ ಇದೇ ಥ್ರೆಡ್ಡು. ಅರ್ಧ ಇಂಚು ಎಂಬ ಹೆಸರಿದ್ದರೂ ಅದರ ಹೊರವ್ಯಾಸ 20.955 ಮಿಲಿಮೀಟರ್, ಇಂಚಿಗೆ 14 ಹಲ್ಲು, ಕೋನ 55 ಡಿಗ್ರಿ. ವ್ಯಾಸವನ್ನು ಎ ಅಕ್ಷರದಲ್ಲಿ, ಇಂಚಿಗೆ ಎಷ್ಟು ಹಲ್ಲು ಎಂಬುದನ್ನು ಎಚ್ ಅಕ್ಷರದಲ್ಲಿ ಕೊಟ್ಟೆ ಎನ್ನೋಣ. ಮ್ಯಾಕ್ರೋ 25.4ನ್ನು 14ರಿಂದ ಭಾಗಿಸಿ ಪಿಚ್ 1.814 ಎಂದು ಕಂಡುಕೊಳ್ಳುತ್ತದೆ. ಅದನ್ನು 0.6403ರಿಂದ ಗುಣಿಸಿದರೆ ಥ್ರೆಡ್ಡಿನ ಆಳ 1.162. ವ್ಯಾಸದಿಂದ ಎರಡು ಪಟ್ಟು ಆಳ ಕಳೆದರೆ ತಳದ ವ್ಯಾಸ 18.631. ಇದು ಪುಸ್ತಕದ ಟೇಬಲ್ಲಿಗೂ ಸರಿಹೊಂದುತ್ತದೆ.

ಎಚ್ ಬೆಲೆ ಮರೆತರೆ? 25.4ನ್ನು ಸೊನ್ನೆಯಿಂದ ಭಾಗಿಸಲಾಗದು, ಕಂಟ್ರೋಲ್ 112ನೇ ಅಲಾರಂ ಕೊಟ್ಟು ನಿಲ್ಲುತ್ತದೆ. ಒಳ್ಳೆಯದೇ ಆಯಿತು. ಎ ಬೆಲೆ ಮರೆತರೆ? ಸೊನ್ನೆಯಿಂದ 2.323 ಕಳೆದು ತಳದ ವ್ಯಾಸ ಮೈನಸ್ 2.323 ಎಂದು ಬರುತ್ತದೆ. ಅಂದರೆ ಥ್ರೆಡ್ ಟೂಲು ಜಾಬಿನ ನಡುಗೆರೆಯನ್ನೂ ದಾಟಿ ಆಚೆ ಹೋಗಲು ನೋಡುತ್ತದೆ. ಅಲಾರಂ ಇಲ್ಲ, ಪ್ರಶ್ನೆಯಿಲ್ಲ. ಇನ್ಸರ್ಟ್ ಹೋಗುತ್ತದೆ, ಹೋಲ್ಡರ್ ಹೋಗುತ್ತದೆ, ಅದೃಷ್ಟ ಕೆಟ್ಟಿದ್ದರೆ ಟರೆಟ್ಟಿನ ಅಲೈನ್‌ಮೆಂಟೂ ಹೋಗುತ್ತದೆ. ಒಂದೇ ಸಾಲಿನ ಎರಡು ಅಕ್ಷರಗಳಲ್ಲಿ ಒಂದನ್ನು ಮರೆತರೆ ಯಂತ್ರ ತಾನಾಗಿ ನಿಲ್ಲುತ್ತದೆ, ಇನ್ನೊಂದನ್ನು ಮರೆತರೆ ಓಡುತ್ತದೆ. ಯಾವುದಕ್ಕೆ ನಿಲ್ಲುತ್ತದೆ, ಯಾವುದಕ್ಕೆ ಓಡುತ್ತದೆ ಎಂಬುದನ್ನು ಆಪರೇಟರ್ ತಿಳಿದಿರಬೇಕು ಎನ್ನುವುದು ನ್ಯಾಯವಲ್ಲ. ಅದು ಬರೆದವನ ಹೊಣೆ.

ಹಾಗಾಗಿ ಮ್ಯಾಕ್ರೋದ ಮೊದಲ ಕೆಲಸ ಕೊರೆಯುವುದಲ್ಲ, ಕೇಳುವುದು. ಇಫ್ [#1 ಇಕ್ಯೂ #0] ಗೋಟು 900. #0 ಎಂಬ ವೇರಿಯಬಲ್ ಯಾವತ್ತೂ ಖಾಲಿ, ಅದಕ್ಕೆ ಯಾರೂ ಬೆಲೆ ತುಂಬಲಾರರು, ಅದನ್ನು ಇಟ್ಟಿರುವುದೇ ಹೀಗೆ ಹೋಲಿಸಿ ನೋಡಲು. 900ನೇ ಸಾಲಿನಲ್ಲಿ #3000ಕ್ಕೆ ಒಂದು ನಂಬರ್ ಕೊಟ್ಟು, ಪಕ್ಕದಲ್ಲಿ ಸಂದೇಶ ಬರೆ. ಯಂತ್ರ ಅಲಾರಂ ಸಮೇತ ನಿಂತು ಆ ಸಂದೇಶವನ್ನು ಪರದೆಯ ಮೇಲೆ ತೋರಿಸುತ್ತದೆ. ಹಳೆಯ ಕಂಟ್ರೋಲ್‌ಗಳಲ್ಲಿ ಸಂದೇಶಕ್ಕೆ 26 ಅಕ್ಷರಗಳಷ್ಟೇ ಜಾಗ. ಅಷ್ಟರಲ್ಲೇ ಏನು ತಪ್ಪಿದೆ ಎಂಬುದು ಸ್ಪಷ್ಟವಾಗಬೇಕು. ಸುಮ್ಮನೆ ‘ತಪ್ಪು’ ಎಂದು ಬರೆದರೆ ರಾತ್ರಿ ಪಾಳಿಯವನು ರೀಸೆಟ್ ಒತ್ತಿ ಮತ್ತೆ ಓಡಿಸುತ್ತಾನೆ. ‘ಎ ವ್ಯಾಸ ಕೊಟ್ಟಿಲ್ಲ’ ಎಂದಿದ್ದರೆ ಪ್ರೋಗ್ರಾಂ ತೆರೆದು ನೋಡುತ್ತಾನೆ. ನಿನ್ನ ಕಾರ್ಖಾನೆಯಲ್ಲಿ ಪಂಜಾಬಿನವರು, ಪೋಲೆಂಡಿನವರು, ಇಲ್ಲಿನ ಹಳಬರು ಎಲ್ಲರೂ ಇರುತ್ತಾರೆ. ಯಾರು ಓದಿದರೂ ತಿಳಿಯುವ ಸಣ್ಣ ಸಣ್ಣ ಮಾತಿನಲ್ಲಿ ಬರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗು ಎನ್ನುತ್ತೇನೆ. ಅದಕ್ಕೆ ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಹೆಸರು ಹೇಳಬೇಕು. ಅಲ್ಲಿ ವಿಟ್‌ವರ್ತ್ ಸ್ಟ್ರೀಟ್ ಇದೆ, ವಿಟ್‌ವರ್ತ್ ಆರ್ಟ್ ಗ್ಯಾಲರಿ ಇದೆ. ಆ ಬೀದಿಯಲ್ಲಿ ಓಡಾಡುವ ಎಷ್ಟೋ ಜನಕ್ಕೆ ಆತ ಲೇತಿನ ಮನುಷ್ಯ ಎಂಬುದು ಗೊತ್ತಿರಲಾರದು. 1803ರಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿ, ಲಂಡನ್ನಿನ ಮಾಡ್‌ಸ್ಲೆ ಕಾರ್ಖಾನೆಯಲ್ಲಿ ದುಡಿದು, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದವನು. ಆ ಕಾಲಕ್ಕೆ ಒಂದೊಂದು ಕಾರ್ಖಾನೆಗೆ ಒಂದೊಂದು ಸ್ಕ್ರೂ. ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಗೆ ಕೂರುತ್ತಿರಲಿಲ್ಲ. ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ ಅಳೆದು, ಸರಾಸರಿ ತೆಗೆದು, 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ತನ್ನ ಪದ್ಧತಿ ಮಂಡಿಸಿದ. ಕೋನ ಎಲ್ಲಕ್ಕೂ 55 ಡಿಗ್ರಿ. ಇಷ್ಟು ವ್ಯಾಸವಾದರೆ ಇಂಚಿಗೆ ಇಷ್ಟೇ ಹಲ್ಲು. ಕೆಲಸಗಾರ ವ್ಯಾಸವನ್ನು ಆರಿಸಿಕೊಂಡರೆ ಸಾಕು, ಪಿಚ್ ತಾನಾಗಿ ನಿಶ್ಚಯವಾಗುತ್ತದೆ. ನೀನು ದಿನವೂ ಕೊರೆಯುವ ಬಿಎಸ್‌ಪಿ ಥ್ರೆಡ್ಡಿನ ಆಕಾರ ಅವನದೇ.

ವಿಟ್‌ವರ್ತ್ ಒಂದಕ್ಕೊಂದು ಕಟ್ಟಿಹಾಕಿದ್ದನ್ನು ನಾವೇಕೆ ಮ್ಯಾಕ್ರೋದಲ್ಲಿ ಮತ್ತೆ ಬಿಚ್ಚಬೇಕು? ವ್ಯಾಸ ಒಂದು ಅಕ್ಷರದಲ್ಲಿ, ಹಲ್ಲು ಇನ್ನೊಂದರಲ್ಲಿ ಕೇಳಿದರೆ 20.955ರ ಜೊತೆ 19 ಹಲ್ಲು ಕೊಡುವ ಅವಕಾಶವನ್ನು ನಾವೇ ಮಾಡಿಕೊಟ್ಟಂತೆ. ಅದರ ಬದಲು ಒಂದೇ ಬೆಲೆ ಕೇಳು. ಇಂಚಿನ ಎಂಟನೇ ಒಂದು ಭಾಗವನ್ನು ಒಂದು ಎಂದು ಇಟ್ಟುಕೋ, ನಮ್ಮೂರ ಬಡಗಿಗಳ ನೂಲಿನ ಲೆಕ್ಕದ ಹಾಗೆ. ಬಿ1. ಎಂದರೆ ಅರೆಕಾಲು ಇಂಚು: 9.728 ವ್ಯಾಸ, 28 ಹಲ್ಲು. ಬಿ2. ಎಂದರೆ ಕಾಲು ಇಂಚು: 13.157, 19 ಹಲ್ಲು. ಬಿ3. ಬಂದರೆ 16.662, ಅದಕ್ಕೂ 19. ಬಿ4. ಅರ್ಧ ಇಂಚು: 20.955, 14. ಬಿ6. ಮುಕ್ಕಾಲು ಇಂಚು: 26.441, ಅದಕ್ಕೂ 14. ಬಿ8. ಒಂದು ಇಂಚು: 33.249, 11. ಮ್ಯಾಕ್ರೋ ಒಳಗೆ ಈ ಆರು ಸಾಲು ಇಟ್ಟು, #2 ಯಾವುದಕ್ಕೆ ಸಮವೋ ಅದರ ವ್ಯಾಸವನ್ನು #27ಕ್ಕೆ, ಹಲ್ಲನ್ನು #28ಕ್ಕೆ ತುಂಬಿ ಮುಂದಕ್ಕೆ ಹಾರಿಸು. ಆರರಲ್ಲಿ ಯಾವುದಕ್ಕೂ ಸಮವಾಗದಿದ್ದರೆ ಏಳನೆಯ ಸಾಲೇ ಅಲಾರಂ.

ಬಿ ಖಾಲಿ ಇದ್ದರೆ ಯಾವುದಕ್ಕೂ ಸಮವಾಗುವುದಿಲ್ಲ, ನಿಲ್ಲುತ್ತದೆ. ಬಿ5. ಎಂದು ಕೈತಪ್ಪಿ ಒತ್ತಿದರೂ ನಿಲ್ಲುತ್ತದೆ. ಚುಕ್ಕಿ ಮರೆತು ಆ ಬೆಲೆ ಕುಗ್ಗಿಹೋದರೂ ನಿಲ್ಲುತ್ತದೆ. ಮೂರು ಬಗೆಯ ತಪ್ಪಿಗೂ ಒಂದೇ ಬಾಗಿಲು.

ಚುಕ್ಕಿ ಎಂದೆನಲ್ಲ, ಅದು ಸಣ್ಣ ವಿಷಯವಲ್ಲ. ಮ್ಯಾಕ್ರೋ ಒಳಗೆ #1=15 ಎಂದು ಚುಕ್ಕಿಯಿಲ್ಲದೆ ಬರೆದರೂ ಅದು ಹದಿನೈದೇ. ಅದನ್ನು ನೋಡಿ ರೂಢಿಯಾದ ಕೈ ಜಿ65 ಸಾಲಿನಲ್ಲೂ ಜೆಡ್15 ಎಂದು ಬರೆದುಬಿಡುತ್ತದೆ. ಅಲ್ಲಿ ನಿಯಮ ಬೇರೆ. ಜಿ65ರ ಜೊತೆ ಚುಕ್ಕಿಯಿಲ್ಲದೆ ಕೊಟ್ಟ ಬೆಲೆಯನ್ನು ಕಂಟ್ರೋಲ್ ಆ ಅಕ್ಷರದ ಅತಿ ಸಣ್ಣ ಅಳತೆಯ ಲೆಕ್ಕದಲ್ಲಿ ಓದುತ್ತದೆ. ಸಾಮಾನ್ಯ ಸೆಟ್ಟಿಂಗಿನ ಲೇತ್‌ನಲ್ಲಿ ಜೆಡ್15 ಹದಿನೈದು ಮಿಲಿಮೀಟರ್ ಅಲ್ಲ, ಹದಿನೈದು ಮೈಕ್ರಾನ್, 0.015. ಪ್ಯಾರಾಮೀಟರ್ 3401ರ ಸೊನ್ನೆಯ ಬಿಟ್ ಒಂದಾಗಿದ್ದರೆ ಅದೇ ಜೆಡ್15 ಪೂರ್ತಿ ಹದಿನೈದು. ಮಿಡ್‌ಲ್ಯಾಂಡ್ಸ್‌ನ ಕಾರ್ಖಾನೆಗಳಲ್ಲಿ ಸೆಕೆಂಡ್‌ಹ್ಯಾಂಡ್ ಲೇತ್‌ಗಳು ಬಹಳ. ಒಂದೊಂದು ಒಂದೊಂದು ಊರಿನಿಂದ ಬಂದಿರುತ್ತದೆ, ಹಿಂದಿನ ಮಾಲೀಕ ಹೇಗೆ ಬಿಟ್ಟಿದ್ದನೋ ಹಾಗೇ ಓಡುತ್ತಿರುತ್ತದೆ. ಅಕ್ಕಪಕ್ಕದ ಎರಡು ಲೇತ್‌ಗಳು ಒಂದೇ ಸಾಲನ್ನು ಬೇರೆ ಬೇರೆಯಾಗಿ ಓದುವುದುಂಟು. ಚುಕ್ಕಿ ಇಟ್ಟರೆ ಎಲ್ಲ ಯಂತ್ರಕ್ಕೂ ಒಂದೇ ಅರ್ಥ. ಹದಿನೈದನ್ನು ಯಾವಾಗಲೂ 15. ಎಂದೇ ಬರೆ.

ಉದ್ದದ ಬೆಲೆಗೂ ಇದೇ ಕಾವಲು ಬೇಕು. ಜೆಡ್ ಖಾಲಿಯೇ ನೋಡು, ಆಮೇಲೆ ಐದಕ್ಕಿಂತ ಕಡಿಮೆಯೇ, ನಲವತ್ತಕ್ಕಿಂತ ಹೆಚ್ಚೇ ನೋಡು. ನಿನ್ನ ಫಿಟ್ಟಿಂಗ್‌ಗಳ ಥ್ರೆಡ್ ಆ ಮಿತಿಯೊಳಗೇ ಇರುತ್ತದೆ, ಇಲ್ಲದಿದ್ದರೆ ಮಿತಿಯನ್ನು ಡ್ರಾಯಿಂಗ್ ನೋಡಿ ಇಡು. ಮೈನಸ್ ಚಿಹ್ನೆಯನ್ನು ಆಪರೇಟರ್ ಹಾಕಬೇಕೋ ಬೇಡವೋ ಎಂಬ ಗೊಂದಲವನ್ನೂ ಉಳಿಸಬೇಡ. ಉದ್ದ ಎಷ್ಟು ಎಂದಷ್ಟೇ ಕೇಳು. ಖಾಲಿಯೇ ಎಂದು ನೋಡಿದ ಮೇಲೆ, ಮಿತಿ ನೋಡುವ ಮೊದಲು ಎಬಿಎಸ್ ಹಾಕಿ ಚಿಹ್ನೆ ತೆಗೆದು, ಮೈನಸ್ಸನ್ನು ನೀನೇ ಕೊಡು. ಈ ಕ್ರಮ ತಿರುಗುಮುರುಗಾಗಬಾರದು. ಎಬಿಎಸ್ ಮೊದಲು ಬಂದರೆ ಖಾಲಿ ಸೊನ್ನೆಯಾಗಿಬಿಡುತ್ತದೆ, ಆಮೇಲೆ ಖಾಲಿಯೇ ಎಂದು ಕೇಳಿದರೆ ಅಲ್ಲ ಎಂದೇ ಉತ್ತರ.

ಅಕ್ಷರ ಆರಿಸುವಾಗ ಓದುವವನ ಕಣ್ಣನ್ನೂ ನೆನೆ. ಜಿ65 ಸಾಲಿನಲ್ಲಿ ಟಿ14. ಎಂದು ಹಲ್ಲಿನ ಸಂಖ್ಯೆ ಕೊಟ್ಟರೆ ಟರೆಟ್ ತಿರುಗುವುದಿಲ್ಲ, ಅದು ಬರೀ #20ಕ್ಕೆ ಹೋಗುವ ಬೆಲೆ. ಕಂಟ್ರೋಲ್‌ಗೆ ಅದರಲ್ಲಿ ಗೊಂದಲವಿಲ್ಲ. ಆದರೆ ನಿನ್ನ ಪಕ್ಕದ ಮನುಷ್ಯ ಅದನ್ನು ಹದಿನಾಲ್ಕನೇ ಟೂಲ್ ಎಂದೇ ಓದುತ್ತಾನೆ. ಎಸ್, ಎಮ್, ಟಿ ಮೂರನ್ನೂ ಬಿಟ್ಟುಬಿಡು.

ಇನ್ನು ಜಿ76ರ ಸಾಲು. ಇಡೀ ಮ್ಯಾಕ್ರೋದಲ್ಲಿ ಅತಿ ಹೆಚ್ಚು ಜಾಗ್ರತೆ ಬೇಕಾದ್ದು ಇಲ್ಲಿ. ಎರಡು ಸಾಲಿನ ಜಿ76ರ ಎರಡನೆಯ ಸಾಲಿನಲ್ಲಿ ಎಕ್ಸ್ ಎಂದರೆ ತಳದ ವ್ಯಾಸ, ಮಿಲಿಮೀಟರಿನಲ್ಲಿ. ಅದೇ ಸಾಲಿನ ಪಿ ಎಂದರೆ ಥ್ರೆಡ್ಡಿನ ಆಳ, ಅದು ತ್ರಿಜ್ಯದ ಲೆಕ್ಕ, ಅದೂ ಮೈಕ್ರಾನಿನಲ್ಲಿ, ಚುಕ್ಕಿಯಿಲ್ಲದೆ. ಕ್ಯೂ ಎಂದರೆ ಮೊದಲ ಪಾಸಿನ ಆಳ, ಅದೂ ಮೈಕ್ರಾನ್. ಎಫ್ ಪಿಚ್, ಮತ್ತೆ ಮಿಲಿಮೀಟರ್. ಒಂದೇ ಸಾಲಿನಲ್ಲಿ ವ್ಯಾಸವೂ ಇದೆ, ತ್ರಿಜ್ಯವೂ ಇದೆ, ಎರಡು ಅಳತೆಗಳೂ ಇವೆ. ನಿನ್ನ ಲೆಕ್ಕದಲ್ಲಿ ಬಂದ 1.162ನ್ನು ಹಾಗೇ ಪಿಗೆ ಕೊಡಬೇಡ. ಸಾವಿರದಿಂದ ಗುಣಿಸಿ, ರೌಂಡ್ ಮಾಡಿ 1162 ಆಗಿಸಿ ಒಂದು ವೇರಿಯಬಲ್‌ನಲ್ಲಿಟ್ಟು, ಆ ವೇರಿಯಬಲ್ಲನ್ನು ಕೊಡು. ಗುಣಾಕಾರವನ್ನು ಪ್ರತ್ಯೇಕ ಸಾಲಿನಲ್ಲಿ ಬರೆದರೆ ಮುಂದೆ ಯಾರು ನೋಡಿದರೂ ಏಕೆ ಸಾವಿರ ಬಂತು ಎಂದು ತಿಳಿಯುತ್ತದೆ. ಮಾದರಿಯಿಂದ ಮಾದರಿಗೆ ಈ ಸಾಲಿನ ರೀತಿ ಸ್ವಲ್ಪ ಬದಲಾಗುವುದರಿಂದ ನಿನ್ನ ಲೇತಿನ ಪುಸ್ತಕವನ್ನೇ ತೆರೆದು ಹೋಲಿಸು.

ಬೆಲೆ ಎಲ್ಲಿ ಇಡಬೇಕು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. #1ರಿಂದ #33ರವರೆಗಿನವು ಒಳಮನೆಯವು. ಜಿ65ರಿಂದ ಕರೆದಾಗಲೆಲ್ಲ ಹೊಸದಾಗಿ ಬರುತ್ತವೆ, ಕೊಟ್ಟದ್ದು ತುಂಬಿರುತ್ತದೆ, ಕೊಡದ್ದು ಖಾಲಿ. ಎಮ್98ರಿಂದ ಕರೆದರೆ ಹಾಗಲ್ಲ, ಮುಖ್ಯ ಪ್ರೋಗ್ರಾಮಿನ ಅದೇ #1, ಅದೇ #2 ಒಳಗೂ ಬರುತ್ತವೆ. ಬೆಲೆ ಕೊಟ್ಟು ಕರೆಯುವ ಕೆಲಸಕ್ಕೆ ಎಮ್98 ಬೇಡ. #100ರಿಂದ ಶುರುವಾಗುವ ಸಾಲು ಎಲ್ಲ ಪ್ರೋಗ್ರಾಮುಗಳಿಗೂ ಸೇರಿದ್ದು, ಸಾಮಾನ್ಯವಾಗಿ ಕರೆಂಟು ಆರಿಸಿದರೆ ಖಾಲಿಯಾಗುತ್ತದೆ. #500ರಿಂದ ಮೇಲಿನವು ಕರೆಂಟು ಹೋದರೂ ಉಳಿಯುತ್ತವೆ. ಇಷ್ಟು ನಿನಗೆ ಗೊತ್ತಿರುತ್ತದೆ. ಆದರೆ ಉಳಿಯುವುದು ಅನುಕೂಲ ಎಂದುಕೊಂಡು ಜಾಬಿನ ಅಳತೆಗಳನ್ನು #500ರ ಸಾಲಿನಲ್ಲಿಡುವ ಚಾಳಿ ಈ ಕಡೆ ಬಹಳ ಕಾರ್ಖಾನೆಗಳಲ್ಲಿದೆ. ಅದನ್ನು ನೀನು ಕಲಿಯಬೇಡ.

ಇಲ್ಲೇ ಬ್ಲ್ಯಾಕ್ ಕಂಟ್ರಿಯ ಒಂದು ಕಾರ್ಖಾನೆಯಲ್ಲಿ ಏನಾಯಿತೆಂದು ಹೇಳುತ್ತೇನೆ. ಪೀಸಿನ ಉದ್ದವನ್ನು ಆಪರೇಟರ್ ಪರದೆಯಲ್ಲಿ #501ಕ್ಕೆ ಕೈಯಾರೆ ತುಂಬಬೇಕು, ಪಾರ್ಟಿಂಗ್ ಟೂಲ್ ಎಲ್ಲಿಗೆ ಹೋಗಬೇಕೆಂದು ಪ್ರೋಗ್ರಾಂ ಅದರಿಂದಲೇ ಲೆಕ್ಕ ಹಾಕುತ್ತದೆ, ಹಾಗೆ ವ್ಯವಸ್ಥೆ. ರಾತ್ರಿ ಪಾಳಿಯಲ್ಲಿ ಉದ್ದನೆಯ ಶಾಫ್ಟುಗಳು ಓಡಿದವು, #501ರಲ್ಲಿ 180 ಇತ್ತು. ಬೆಳಗಿನವನು ಬಂದು ಬಾರನ್ನು 60ರ ಪೀಸಿಗೆ ಹೊಂದಿಸಿ ಕಟ್ಟಿದ, ಪ್ರೋಗ್ರಾಂ ಬದಲಿಸಿದ, ಟೂಲುಗಳನ್ನು ನೋಡಿದ, #501 ಮಾತ್ರ ಹಾಗೇ ಉಳಿಯಿತು. ಫೇಸಿಂಗ್ ಚೆನ್ನಾಗಿ ಆಯಿತು, ಟರ್ನಿಂಗ್ ಚೆನ್ನಾಗಿ ಆಯಿತು. ಪಾರ್ಟಿಂಗ್ ಟೂಲ್ ರ‍್ಯಾಪಿಡ್‌ನಲ್ಲಿ ನೇರ ಚಕ್ಕಿಗೇ ಹೋಗಿ ಬಡಿಯಿತು. ಬಾಗಿಲು ಗಟ್ಟಿಯಾಗಿತ್ತು, ಯಾರಿಗೂ ಏಟಾಗಲಿಲ್ಲ. ಮೇಲಿನವರು ಬೈದದ್ದು ಆ ಹುಡುಗನನ್ನು. ನನಗೆ ಅದು ಸರಿಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಖಾಲಿಯಾಗಿದ್ದರೆ ಕೇಳಬಹುದಿತ್ತು. ತುಂಬಿರುವ ಬೆಲೆ ಇವತ್ತಿನದೋ ನಿನ್ನೆಯದೋ ಎಂದು ಕೇಳುವ ಉಪಾಯ ಕಂಟ್ರೋಲ್‌ಗೆ ಇಲ್ಲ. ಜಾಬಿಗೆ ಸೇರಿದ ಬೆಲೆ ಜಾಬಿನ ಪ್ರೋಗ್ರಾಮಿನ ಒಳಗೇ ಇರಬೇಕು, ಜಿ65 ಸಾಲಿನಲ್ಲೇ ಕಣ್ಣಿಗೆ ಕಾಣಬೇಕು. #500ರ ಸಾಲು ಯಂತ್ರಕ್ಕೆ ಸೇರಿದ ಬೆಲೆಗಳಿಗಿರಲಿ: ಪ್ರೋಬಿನ ಕ್ಯಾಲಿಬ್ರೇಷನ್, ಬಾರ್ ಸ್ಟಾಪಿನ ಸ್ಥಾನ, ಅಂಥವು.

ಸೀಮೆನ್ಸ್ ಕಂಟ್ರೋಲಿನ ಲೇತ್ ಎದುರಾದರೆ ಅಲ್ಲಿ ಆರ್ ಪ್ಯಾರಾಮೀಟರ್‌ಗಳು. ಆರ್1=20.955 ಎಂದು ನೇರ ಬರೆಯುತ್ತಾರೆ. ಅವು ಎಲ್ಲ ಪ್ರೋಗ್ರಾಮುಗಳಿಗೂ ಸೇರಿದವು, ಬೆಲೆ ಉಳಿದುಕೊಳ್ಳುತ್ತದೆ, ಖಾಲಿ ಎಂಬುದೇ ಅಲ್ಲಿಲ್ಲ. ಹಾಗಾಗಿ ಅಲ್ಲಿ ಪ್ರೋಗ್ರಾಮಿನ ತಲೆಯಲ್ಲೇ ಬೇಕಾದ ಎಲ್ಲವನ್ನೂ ತುಂಬಿಕೊಂಡು, ಕೆಲಸ ಮುಗಿದ ಮೇಲೆ ಸೊನ್ನೆ ಮಾಡಿ ಹೊರಡುವುದು ಒಳ್ಳೆಯದು. ವೂಸ್ಟರ್‌ನಲ್ಲಿ ಮಜಾಕ್ ಕಂಪನಿ 1987ರಿಂದ ಯಂತ್ರ ಕಟ್ಟುತ್ತಿದೆ, ಆದ್ದರಿಂದ ಈ ಕಡೆ ಅವರ ಮಜಾಟ್ರೋಲ್ ಕಂಟ್ರೋಲ್ ಕೂಡ ಬೇಗನೆ ಎದುರಾಗುತ್ತದೆ. ಅದರ ಮಾತು ಇನ್ನೊಮ್ಮೆ.

ಇಲ್ಲಿಯ ಹಳಬರ ಮಾತಿಗೆ ಕಿವಿ ಹೊಂದಿಸಿಕೊಳ್ಳುವುದೂ ಬೆಲೆ ತುಂಬುವ ಕೆಲಸದ ಭಾಗವೇ. ‘ಹತ್ತು ಥೌ ತೆಗೆ’ ಎಂದರೆ ಇಂಚಿನ ಸಾವಿರ ಭಾಗಗಳಲ್ಲಿ ಹತ್ತು, 0.254 ಮಿಲಿಮೀಟರ್. ವ್ಯಾಸದ ಮೇಲೋ ಒಂದು ಬದಿಗೋ ಎಂದು ಕೇಳದೆ ಆಫ್‌ಸೆಟ್ ಮುಟ್ಟಬೇಡ. ಕೇಳುವುದಕ್ಕೆ ನಾಚಿಕೆ ಬೇಡ, ಒಳ್ಳೆಯ ಸೆಟ್ಟರ್ ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಹಳೆಯ ಡ್ರಾಯಿಂಗ್‌ಗಳು ಇಂಚಿನಲ್ಲೇ ಇರುತ್ತವೆ, ಯಾರಾದರೂ ಜಿ20 ಹಾಕಿ ಓಡಿಸಿ ಹೋಗಿರುತ್ತಾರೆ. ನಿನ್ನ 25.4ರ ಲೆಕ್ಕ ಮಿಲಿಮೀಟರಿನಲ್ಲಿ ಮಾತ್ರ ಸರಿ. ಯಂತ್ರ ಈಗ ಯಾವುದರಲ್ಲಿದೆ ಎಂದು #4006 ಹೇಳುತ್ತದೆ, 20 ಅಥವಾ 21. ಅದು 21 ಅಲ್ಲದಿದ್ದರೆ ಅಲಾರಂ ಕೊಡುವ ಸಾಲನ್ನು ಮ್ಯಾಕ್ರೋದ ತಲೆಯಲ್ಲೇ ಹಾಕು.

ಆಫ್‌ಸೆಟ್‌ಗೆ ಮ್ಯಾಕ್ರೋದಿಂದಲೇ ಬೆಲೆ ಬರೆಯಬಹುದು. ಮೂರನೇ ಆಫ್‌ಸೆಟ್‌ನ ಎಕ್ಸ್ ವೇರ್ ಇರುವುದು #2003ರಲ್ಲಿ, ಜೆಡ್ ವೇರ್ #2103ರಲ್ಲಿ. #2003=#2003-0.02 ಎಂದು ಬರೆಯುವುದು ಸುಲಭ, ಆದರೆ ಪ್ರೋಗ್ರಾಂ ನಡುವೆ ನಿಂತು ಮತ್ತೆ ಶುರುವಾದರೆ ಇನ್ನೊಂದು 0.02 ಕಳೆಯುತ್ತದೆ. ಈ ಕೆಲಸ ಸದ್ಯಕ್ಕೆ ನಿನಗೆ ಬೇಡ. ಬೇಕಾದ ದಿನ ಬಂದರೆ ಮೊದಲು ಮೇಲಿನ ಕೆಳಗಿನ ಮಿತಿ ಹಾಕಿ, ಆಮೇಲೆ ಬರೆ. ಜಿ10 ಎಲ್50ರಿಂದ ಯಂತ್ರದ ಪ್ಯಾರಾಮೀಟರ್‌ಗಳನ್ನೇ ಬದಲಿಸುವ ದಾರಿಯೂ ಇದೆ. ಅದರ ಹತ್ತಿರವೂ ಹೋಗಬೇಡ. 9000ದ ನಂಬರಿನ ಸಾಲಿನಲ್ಲಿಡುವ ಪ್ರೋಗ್ರಾಮುಗಳಿಗೆ ಬೀಗ ಹಾಕುವ 3202ರ ನಾಲ್ಕನೇ ಬಿಟ್ ಒಂದನ್ನು ಬಿಟ್ಟು ಬೇರೆ ಯಾವ ಪ್ಯಾರಾಮೀಟರ್ ಮುಟ್ಟುವುದಿದ್ದರೂ, ಎಲ್ಲವನ್ನೂ ಮೆಮೊರಿ ಕಾರ್ಡಿಗೆ ಉಳಿಸಿಕೊಂಡು, ಫೋರ್‌ಮನ್‌ಗೆ ತಿಳಿಸಿ ಮುಟ್ಟು.

ಪರೀಕ್ಷೆ ಮಾಡುವಾಗ ಬಾರ್ ಕಟ್ಟದೆ, ಟೇಲ್‌ಸ್ಟಾಕ್ ಹಿಂದಿಟ್ಟು, ವರ್ಕ್ ಆಫ್‌ಸೆಟ್‌ನಲ್ಲಿ ಜೆಡ್ಡನ್ನು 100 ಮಿಲಿಮೀಟರ್ ಆಚೆ ಸರಿಸಿ ಸಿಂಗಲ್ ಬ್ಲಾಕ್‌ನಲ್ಲಿ ಓಡಿಸು. ಸಾಮಾನ್ಯ ಸೆಟ್ಟಿಂಗಿನಲ್ಲಿ ಸಿಂಗಲ್ ಬ್ಲಾಕ್ ಮ್ಯಾಕ್ರೋದ ಲೆಕ್ಕದ ಸಾಲುಗಳಲ್ಲಿ ನಿಲ್ಲುವುದಿಲ್ಲ, ಹಾರಿ ಹೋಗುತ್ತದೆ. ಪ್ಯಾರಾಮೀಟರ್ 6000ದ ಐದನೇ ಬಿಟ್ ಒಂದು ಮಾಡಿದರೆ ಅಲ್ಲೂ ನಿಲ್ಲುತ್ತದೆ, ಇದಕ್ಕೂ ಫೋರ್‌ಮನ್‌ನ ಒಪ್ಪಿಗೆ ಕೇಳಿಕೋ, ಪರೀಕ್ಷೆ ಮುಗಿದ ಮೇಲೆ ಹಿಂದಿನಂತೆ ಮಾಡು. ನಿಂತಾಗಲೆಲ್ಲ ವೇರಿಯಬಲ್ ಪುಟ ತೆರೆದು #27, #28, ಆಳ, ತಳದ ವ್ಯಾಸ ನಾಲ್ಕನ್ನೂ ಕಾಗದದ ಮೇಲಿನ ಲೆಕ್ಕದ ಜೊತೆ ಹೋಲಿಸು. ಸರಿಯಾದ ಬೆಲೆ ಕೊಟ್ಟು ನೋಡಿದರೆ ಅರ್ಧ ಪರೀಕ್ಷೆ ಮಾತ್ರ ಆಯಿತು. ಬಿ ಬಿಟ್ಟು ಓಡಿಸು, ಬಿ5. ಕೊಡು, ಬಿ4 ಎಂದು ಚುಕ್ಕಿ ಬಿಟ್ಟು ಕೊಡು, ಜೆಡ್ ಬಿಟ್ಟು ಓಡಿಸು, ಜಿ20 ಹಾಕಿ ಓಡಿಸು. ಪ್ರತಿಯೊಂದಕ್ಕೂ ನೀನು ಬರೆದ ಅಲಾರಂ ಬಂದು, ಟೂಲ್ ಒಂದು ಮಿಲಿಮೀಟರೂ ಅಲುಗದೆ ನಿಂತಿದ್ದರೆ ಆಗ ಬಾರ್ ಕಟ್ಟು. 3401 ಬೇರೆಯಾಗಿರುವ ಲೇತ್‌ನಲ್ಲಿ ಬಿ4 ಕೂಡ ನಾಲ್ಕೇ ಆಗಿ ಓಡಬಹುದು, ಅದು ತಪ್ಪಲ್ಲ.

ಸೋಮವಾರ ಹೋದೊಡನೆ ನಿನ್ನ ಸಾಲಿನ ಎಲ್ಲ ಲೇತ್‌ಗಳ 3401 ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೋ. #500ರ ಸಾಲಿನಲ್ಲಿ ಯಾವ್ಯಾವ ಬೆಲೆ ಇದೆ, ಯಾವ ಪ್ರೋಗ್ರಾಂ ಅದನ್ನು ಓದುತ್ತದೆ ಎಂದು ಹಳಬರನ್ನು ಕೇಳಿ ಪಟ್ಟಿ ಮಾಡು. ಮ್ಯಾಕ್ರೋ ಬರೆದಾದ ಮೇಲೆ, ಯಂತ್ರಕ್ಕೆ ಹಾಕುವ ಮೊದಲು ಫೋಟೋ ತೆಗೆದು ಕಳಿಸು. ಸಂಜೆ ಊಟವಾದ ಮೇಲೆ ಕರೆ ಮಾಡಿದರೆ ಇಬ್ಬರೂ ಜಿ76ರ ಸಾಲನ್ನು ಒಟ್ಟಿಗೆ ನೋಡೋಣ.